ಎರಡು ರೂಪಾಯಿ ಲಾಂಜ್: ಕಾರ್ಡ್ ಉಜ್ಜುವ ಮೊದಲು

ವಿಮಾನ ನಿಲ್ದಾಣದಲ್ಲಿ ಹೊರಡುವ ತನಕ ತಿಂದು ಕುಡಿದು ಆರಾಮಾಗಿ ಕೂರುವ ಕೋಣೆಗೆ ಲಾಂಜ್ ಅನ್ನುತ್ತಾರೆ; ಹಲವು ಬ್ಯಾಂಕ್ ಕಾರ್ಡುಗಳ ಮೇಲೆ ಅಲ್ಲಿಗೆ ಬಿಟ್ಟಿ ಪ್ರವೇಶ ಉಂಟು. ಲಾಂಜ್ ಕೌಂಟರಿನ ಸ್ವೈಪ್ ಮಷಿನ್ 2 ರೂಪಾಯಿ ಚೀಟಿ ಕಾರಿದರೆ ನೀವು ಬಿಟ್ಟಿಯಾಗಿ ಒಳಗೆ. ಸಾವಿರದ ಮೇಲಿನ ಅಂಕಿ ಬಂದರೂ ಒಳಗೇ, ಆದರೆ ದುಡ್ಡು ಕೊಟ್ಟು. ಎರಡೂ ಸಲ ನೀವು ಒತ್ತುವುದು ಅದೇ ನಾಲ್ಕಂಕಿಯ ಪಿನ್. ಹಾಗಾಗಿ ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪಿನ್ ಒತ್ತುವ ಮೊದಲು ಮಷಿನ್ ಪರದೆಯ ಮೇಲಿನ ಮೊತ್ತ ಓದಿ. ಬೆಳಗಿನ ಜಾವ ನಾಲ್ಕೂವರೆಗೆ ನಿದ್ದೆಗಣ್ಣಲ್ಲಿ ನಿಂತವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ಆ 2 ರೂಪಾಯಿ ಯಾಕೆ ಅಂತ ಹಲವರಿಗೆ ಗೊಂದಲ. ಅದು ಊಟದ ಬೆಲೆಯಲ್ಲ. ಕಾರ್ಡ್ ಚಾಲ್ತಿಯಲ್ಲಿದೆಯೇ, ನಿಜವಾದದ್ದೇ, ಈ ಸೌಲಭ್ಯ ಅದಕ್ಕಿದೆಯೇ ಅಂತ ನೋಡಲು, ಜೊತೆಗೆ ಬ್ಯಾಂಕ್ ನಿಮಗೆ ಕೊಟ್ಟ ಬಿಟ್ಟಿ ಭೇಟಿಗಳ ಕೋಟಾದಿಂದ ಒಂದನ್ನು ಕಳೆಯಲು ಮಾಡುವ ವಹಿವಾಟು ಅದು. ಕೆಲವು ಕಾರ್ಡಿಗೆ 25 ರೂಪಾಯಿ ಹಿಡಿಯುವುದೂ ಉಂಟು. ವಾಪಸ್ ಬರುತ್ತದೆ ಅಂತ ಕಾಯಬೇಡಿ. ಆದರೆ ಎಸ್‌ಎಂಎಸ್ ಮಾತ್ರ ಅಳಿಸಬೇಡಿ. ನಾಳೆ ಲೆಕ್ಕ ತಪ್ಪಾದರೆ, ಯಾವ ದಿನ ಯಾವ ಊರಲ್ಲಿ ಒಳಗೆ ಹೋದಿರಿ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಪುರಾವೆ ಅದೊಂದೇ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಲಾಂಜ್ ಬಾಗಿಲಿಗೆ ಹೇಳಿ ಮಾಡಿಸಿದಂತಿದೆ. ಇಲ್ಲಿ ಪೂಜಾರಿಗಳು ಒಬ್ಬರಲ್ಲ, ಮೂವರು. ಸೌಲಭ್ಯ ಕೊಟ್ಟೆ ಅನ್ನುವುದು ಬ್ಯಾಂಕ್. ಆದರೆ ಕಾರ್ಡ್ ಓಡುವುದು ವೀಸಾ, ಮಾಸ್ಟರ್‌ಕಾರ್ಡ್, ರುಪೇ, ಡೈನರ್ಸ್ ಅಥವಾ ಅಮೆಕ್ಸ್ ಅನ್ನುವ ಪಾವತಿ ಜಾಲದ ಮೇಲೆ. ಈ ಜಾಲಕ್ಕೂ ಲಾಂಜ್‌ಗೂ ನಡುವೆ ಇನ್ನೊಂದು ಕಂಪನಿ ಇರುತ್ತದೆ. ಯಾರು ಬಂದರು, ಎಷ್ಟು ಸಲ ಬಂದರು ಅಂತ ಲೆಕ್ಕವಿಟ್ಟು ತಲೆಗಿಷ್ಟು ಅಂತ ಹಣ ಹಂಚುವ ಮಧ್ಯವರ್ತಿ. ಕೊನೆಗೆ ಲಾಂಜ್ ನಡೆಸುವವರು. ಬ್ಯಾಂಕೂ ಸೇರಿ ನಾಲ್ವರ ಪಟ್ಟಿಗಳೂ ಹೊಂದಿದರಷ್ಟೇ ಬಾಗಿಲು ತೆರೆಯುತ್ತದೆ. ಬ್ಯಾಂಕಿನ ಜಾಲತಾಣದಲ್ಲಿ ಹೆಸರಿದ್ದ ಲಾಂಜ್ ಕೌಂಟರಿನಲ್ಲಿ ಆಗದು ಅಂತ ತಲೆಯಾಡಿಸಿದರೆ, ಬಹಳ ಸಲ ಕೌಂಟರಿನ ಹುಡುಗಿಯ ತಪ್ಪಲ್ಲ ಅದು. ಅವಳ ಮಷಿನ್‌ಗೆ ನಿಮ್ಮ ಬ್ಯಾಂಕ್ ಹೇಳಿದ ಮಾತು ತಲುಪಿಯೇ ಇರುವುದಿಲ್ಲ.

ಈ ಮಧ್ಯವರ್ತಿ ಎಷ್ಟು ಮುಖ್ಯ ಅನ್ನುವುದು ದೇಶಕ್ಕೆಲ್ಲ ಗೊತ್ತಾದದ್ದು ಇತ್ತೀಚೆಗೆ. ಭಾರತದ ದೇಶೀಯ ಲಾಂಜ್ ವ್ಯವಹಾರದ ಬಹುಪಾಲು ಡ್ರೀಮ್‌ಫೋಕ್ಸ್ ಅನ್ನುವ ಒಂದೇ ಕಂಪನಿಯ ಮೂಲಕ ಹೋಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೆ ಬಂದ ಕಂಪನಿ ಅದು. 2024ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ಅದರ ಸೇವೆ ಹಲವು ನಿಲ್ದಾಣಗಳಲ್ಲಿ ಏಕಾಏಕಿ ನಿಂತು, ಕಾರ್ಡ್ ಹಿಡಿದವರೆಲ್ಲ ಬಾಗಿಲಲ್ಲೇ ಉಳಿದರು. 2025ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ದೇಶೀಯ ಲಾಂಜ್ ಸೇವೆಯನ್ನೇ ನಿಲ್ಲಿಸಿತು. ಬ್ಯಾಂಕುಗಳು ಬೇರೆ ಬೇರೆ ದಾರಿ ಹಿಡಿದವು: ಕೆಲವು ನೇರವಾಗಿ ನಿಲ್ದಾಣದವರ ಜೊತೆ, ಕೆಲವು ಇನ್ನೊಂದು ಮಧ್ಯವರ್ತಿಯ ಜೊತೆ, ಕೆಲವು ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಕೊಡುವ ಪದ್ಧತಿಗೆ. ಹಾಗಾಗಿ 2023ರಲ್ಲಿ ಯಾರೋ ಮಾಡಿದ ‘ಈ ಕಾರ್ಡಿಗೆ ಈ ಲಾಂಜ್’ ವಿಡಿಯೊ ನಂಬಿಕೊಂಡು ಹೊರಡುವುದು ಹಳೇ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. ಪ್ರಯಾಣದ ಹಿಂದಿನ ದಿನ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲೇ ಪಟ್ಟಿ ನೋಡಿ.

ಮೂರು ತಿಂಗಳ ಲೆಕ್ಕ

ಮೊದಲೆಲ್ಲ ಕಾರ್ಡ್ ಇದ್ದರೆ ಸಾಕಿತ್ತು. ದೇಶದಲ್ಲಿ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದ ಹೊತ್ತಿಗೆ 10 ಕೋಟಿ ದಾಟಿತು. ಲಾಂಜ್‌ನ ಕುರ್ಚಿಗಳು ಅದೇ ವೇಗದಲ್ಲಿ ಹೆಚ್ಚಲಿಲ್ಲ. ಪ್ರತಿ ಭೇಟಿಗೂ ಬ್ಯಾಂಕ್ ಕೈಯಿಂದ ದುಡ್ಡು ಹೋಗುತ್ತದೆ. ಕಾರ್ಡನ್ನು ಬೀರುವಿನಲ್ಲಿಟ್ಟು ವರ್ಷಕ್ಕೆ ನಾಲ್ಕು ಸಲ ಇಡ್ಲಿ ವಡೆಗಷ್ಟೇ ಹೊರತೆಗೆಯುವ ಗಿರಾಕಿ ಅವರಿಗೆ ಬರೀ ನಷ್ಟ. ಹೀಗೆ ಬಂತು ಖರ್ಚಿನ ಷರತ್ತು.

ಎಚ್‌ಡಿಎಫ್‌ಸಿ 2023ರ ಡಿಸೆಂಬರ್ 1ರಿಂದ ರೆಗಾಲಿಯಾ ಮತ್ತು ಮಿಲೇನಿಯಾ ಕಾರ್ಡುಗಳಿಗೆ ಒಂದು ತ್ರೈಮಾಸಿಕದಲ್ಲಿ (ಜನವರಿಯಿಂದ ಮಾರ್ಚ್, ಏಪ್ರಿಲ್‌ನಿಂದ ಜೂನ್, ಹೀಗೆ) 1 ಲಕ್ಷ ರೂಪಾಯಿ ಖರ್ಚಿನ ಗೆರೆ ಎಳೆಯಿತು. ದಾಟಿದರೆ ವೋಚರ್ ಬರುತ್ತದೆ, ಅದನ್ನು ನೀವೇ ಹೋಗಿ ಪಡೆದುಕೊಳ್ಳಬೇಕು. ಐಸಿಐಸಿಐ 2024ರ ಏಪ್ರಿಲ್‌ನಿಂದ ಹಿಂದಿನ ತ್ರೈಮಾಸಿಕದಲ್ಲಿ 35,000 ಖರ್ಚಾಗಿರಬೇಕು ಅಂದಿತು. ಅದೇ ವರ್ಷ ನವೆಂಬರ್ 15ರಿಂದ ಅದನ್ನು 75,000ಕ್ಕೆ ಏರಿಸಿತು. ಆಕ್ಸಿಸ್ ಹಲವು ಕಾರ್ಡುಗಳಿಗೆ 2024ರ ಮೇ 1ರಿಂದ ಹಿಂದಿನ ಮೂರು ತಿಂಗಳಲ್ಲಿ 50,000 ಅಂತ ನಿಗದಿ ಮಾಡಿತು. ಈ ಅಂಕಿಗಳು ಮತ್ತೆ ಮತ್ತೆ ಬದಲಾಗುತ್ತವೆ, ಆದರೆ ಲೆಕ್ಕ ಹಾಕುವ ರೀತಿ ಬದಲಾಗುವುದು ಕಡಿಮೆ. ಜನ ಎಡವುವುದೂ ಅಲ್ಲೇ.

‘ಹಿಂದಿನ ತ್ರೈಮಾಸಿಕ’ ಬೇರೆ, ‘ಹಿಂದಿನ ಮೂರು ತಿಂಗಳು’ ಬೇರೆ. ನಿಮ್ಮ ವಿಮಾನ ಆಗಸ್ಟ್ 5ಕ್ಕೆ ಅಂತಿಟ್ಟುಕೊಳ್ಳಿ. ಮೊದಲನೆಯ ರೀತಿಯ ಕಾರ್ಡ್ ನೋಡುವುದು ಏಪ್ರಿಲ್, ಮೇ, ಜೂನ್ ಖರ್ಚನ್ನು. ಜುಲೈಯಲ್ಲಿ ನೀವು ಫ್ರಿಜ್ ಕೊಂಡರೂ ಅದರ ಫಲ ಅಕ್ಟೋಬರ್‌ಗೆ. ಎರಡನೆಯ ರೀತಿಯದು ನೋಡುವುದು ಮೇ, ಜೂನ್, ಜುಲೈ. ಇಲ್ಲಿ ಜುಲೈಯ ಫ್ರಿಜ್ ಆಗಸ್ಟ್‌ಗೇ ಕೆಲಸಕ್ಕೆ ಬರುತ್ತದೆ. ಎಚ್‌ಡಿಎಫ್‌ಸಿಯ ವೋಚರ್ ಪದ್ಧತಿಯಲ್ಲಿ ಗುರಿ ಮುಟ್ಟಿದ ಮೇಲೆ ವೋಚರ್ ತೆಗೆದಿಟ್ಟುಕೊಳ್ಳದೆ ಹೋದರೆ ಖರ್ಚು ಮಾಡಿದ್ದೂ ದಂಡ.

ಇನ್ನೊಂದು ಸಣ್ಣ ಮುಳ್ಳು ತಾರೀಖಿನದು. ಜೂನ್ 29ರ ರಾತ್ರಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದ್ದೀರಿ. ಅಂಗಡಿಯವನ ಬ್ಯಾಂಕ್ ಅದನ್ನು ಇತ್ಯರ್ಥ ಮಾಡಿ ನಿಮ್ಮ ಖಾತೆಗೆ ಹಾಕುವುದು ಜುಲೈ 1ಕ್ಕೋ 2ಕ್ಕೋ. ಹಾಕಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುವ ಬ್ಯಾಂಕಾದರೆ ಅದು ಮುಂದಿನ ತ್ರೈಮಾಸಿಕಕ್ಕೆ ಹೋಯಿತು. ಗುರಿಗೆ ಸಾವಿರವೋ ಎರಡು ಸಾವಿರವೋ ಬಾಕಿ ಇದ್ದು ಕೊನೆಯ ದಿನ ತುಂಬಿಸುವ ಯೋಚನೆ ಇದ್ದರೆ, ನಾಲ್ಕೈದು ದಿನ ಮುಂಚೆಯೇ ಮುಗಿಸಿ. ಎಟಿಎಮ್‌ನಿಂದ ತೆಗೆದ ನಗದು, ಬಡ್ಡಿ, ವಾರ್ಷಿಕ ಶುಲ್ಕ ಇವೆಲ್ಲ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಬಾಡಿಗೆ, ವಾಲೆಟ್‌ಗೆ ತುಂಬಿದ್ದು, ಪೆಟ್ರೋಲು ಕೂಡ ಹಲವು ಕಾರ್ಡುಗಳಲ್ಲಿ ಹೊರಗೆ. ವಾಪಸ್ ಕೊಟ್ಟ ಸಾಮಾನಿನ ಹಣ ಮರಳಿದರೆ ಅಷ್ಟು ಮೊತ್ತ ಕಳೆದುಹೋಗುತ್ತದೆ. ದೊಡ್ಡ ಮೊತ್ತದ ಟಿಕೆಟ್ ರದ್ದು ಮಾಡಿದವರು ಇದನ್ನು ಮರೆತು ಬಾಗಿಲಲ್ಲಿ ಸಿಕ್ಕಿಬೀಳುತ್ತಾರೆ. ಹೊಸ ಕಾರ್ಡಿಗೆ ಮೊದಲ ಕೆಲವು ತಿಂಗಳು ಷರತ್ತಿನಿಂದ ವಿನಾಯಿತಿ ಕೊಡುವ ಬ್ಯಾಂಕುಗಳಿವೆ. ಕಾರ್ಡ್ ಬಂದ ಲಕೋಟೆಯ ಒಳಗಿನ ಕಾಗದ ಬಿಸಾಡುವ ಮೊದಲು ಅದೊಂದನ್ನು ನೋಡಿ.

ಡೆಬಿಟ್ ಕಾರ್ಡನ್ನು ಮರೆಯಬೇಡಿ. ಸರ್ಕಾರಿ ಬ್ಯಾಂಕುಗಳು ಕೊಡುವ ರುಪೇ ಪ್ಲಾಟಿನಮ್ ಡೆಬಿಟ್ ಕಾರ್ಡಿಗೆ ತ್ರೈಮಾಸಿಕಕ್ಕೆ ಒಂದು ದೇಶೀಯ ಭೇಟಿ ಸಿಗುವುದುಂಟು, ಸಂಬಳದ ಖಾತೆಯ ಎಷ್ಟೋ ಜನಕ್ಕೆ ತಮ್ಮ ಪರ್ಸಿನಲ್ಲೇ ಅದಿರುವುದು ಗೊತ್ತಿಲ್ಲ. ಕಾರ್ಡಿನ ಮೂಲೆಯಲ್ಲಿ ಪ್ಲಾಟಿನಮ್ ಅಥವಾ ಸೆಲೆಕ್ಟ್ ಅಂತಿದೆಯೇ ನೋಡಿ. ಕ್ಲಾಸಿಕ್ ಅಂತಿದ್ದರೆ ಆಸೆ ಬಿಡಿ.

ಯಾವ ಟರ್ಮಿನಲ್?

ಬೆಂಗಳೂರಿನವರಿಗೆ ಈ ಪ್ರಶ್ನೆ ಮೊದಲು ಇರಲಿಲ್ಲ. ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಗಿ, 2023ರ ಜನವರಿ 15ರಿಂದ ದೇಶೀಯ ವಿಮಾನಗಳು ಅಲ್ಲಿಂದ ಹಾರತೊಡಗಿದವು. ಅದೇ ವರ್ಷ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋದವು. ಎರಡೂ ಕಡೆ 080 ಹೆಸರಿನ ಲಾಂಜ್ ಇದೆ. ಊರಿನ ಎಸ್‌ಟಿಡಿ ಕೋಡನ್ನೇ ಹೆಸರು ಮಾಡಿದ್ದಾರೆ, ಚೆನ್ನಾಗಿದೆ. ಆದರೆ ಹೆಸರು ಒಂದೇ ಆದ್ದರಿಂದ ಪಟ್ಟಿಯಲ್ಲಿ ‘080 ಲಾಂಜ್, ಬೆಂಗಳೂರು’ ಅಂತ ಕಂಡ ಕೂಡಲೇ ನೆಮ್ಮದಿಯಾಗಿ ಫೋನ್ ಮುಚ್ಚುವವರು ಬಹಳ. ಟರ್ಮಿನಲ್ ಸಂಖ್ಯೆ, ದೇಶೀಯವೋ ಅಂತರರಾಷ್ಟ್ರೀಯವೋ, ಎರಡನ್ನೂ ಓದಿ. ಎರಡರ ಪೈಕಿ ಒಂದರಲ್ಲಷ್ಟೇ ನಡೆಯುವ ಕಾರ್ಡುಗಳಿವೆ. ಸೆಕ್ಯೂರಿಟಿ ದಾಟಿದ ಮೇಲೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ. ಹೊರಗೆ ಬಂದು ಬಸ್ ಹತ್ತಬೇಕು.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ವಿದೇಶದ ವಿಮಾನ ಹತ್ತುವವರಿಗೆ ಇದು ಇನ್ನೂ ಮುಖ್ಯ. ಬಂದಿಳಿದದ್ದು ಒಂದನೇ ಟರ್ಮಿನಲ್ ಆದರೆ ಅಲ್ಲಿಯ ಲಾಂಜ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಇಳಿದವರನ್ನು ಕಾರ್ಡಿನ ಮೇಲೆ ಲಾಂಜ್‌ಗೆ ಸೇರಿಸುವುದಿಲ್ಲ, ಹೊರಡುವವರನ್ನಷ್ಟೇ. ಎರಡನೇ ಟರ್ಮಿನಲ್‌ಗೆ ಹೋಗಿ ಚೆಕ್‌ಇನ್, ಇಮಿಗ್ರೇಷನ್, ಸೆಕ್ಯೂರಿಟಿ ಮುಗಿಸಿದ ಮೇಲೆಯೇ ಲಾಂಜ್ ಮಾತು. ಆಗ ನೀವು ಅಂತರರಾಷ್ಟ್ರೀಯ ವಿಭಾಗದಲ್ಲಿದ್ದೀರಿ, ದೇಶೀಯ ಕೋಟಾ ಅಲ್ಲಿ ನಡೆಯುತ್ತದೆ ಅನ್ನುವ ಖಾತ್ರಿಯಿಲ್ಲ. ‘ಭಾರತದ ಒಳಗಿನ ಲಾಂಜ್’ ಅಂತ ಬ್ಯಾಂಕ್ ಬರೆದಿದ್ದರೆ ಅದರ ಅರ್ಥ ದೇಶೀಯ ಟರ್ಮಿನಲ್ ಮಾತ್ರವೋ, ಭಾರತದ ನೆಲದ ಮೇಲಿನ ಎಲ್ಲವೋ ಅಂತ ಕೇಳಿ ತಿಳಿದುಕೊಳ್ಳಿ.

ಕೌಂಟರಿನಲ್ಲಿ

ಕೊಡಬೇಕಾದ್ದು ಎರಡು: ಅದೇ ದಿನದ ಬೋರ್ಡಿಂಗ್ ಪಾಸ್, ನಿಮ್ಮ ಹೆಸರಿನ ಕಾರ್ಡ್. ವೆಬ್ ಚೆಕ್‌ಇನ್ ಪಾಸ್ ಫೋನ್‌ನಲ್ಲಿದ್ದರೆ ಸಾಕು. ಡಿಜಿಯಾತ್ರಾದಲ್ಲಿ ಮುಖ ತೋರಿಸಿ ಒಳಗೆ ಬಂದವರು ಬೋರ್ಡಿಂಗ್ ಪಾಸ್ ಬೇಕಾಗಿಲ್ಲ ಅಂದುಕೊಂಡಿರುತ್ತಾರೆ. ಲಾಂಜ್‌ಗೆ ಬೇಕು, ಆ್ಯಪ್‌ನ ಮೂಲೆಯಲ್ಲೋ ಇಮೇಲ್‌ನಲ್ಲೋ ಇರುವುದನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಪಾಸಿನ ಹೆಸರೂ ಕಾರ್ಡಿನ ಹೆಸರೂ ತಾಳೆಯಾಗಬೇಕು. ನಮ್ಮ ಕಡೆಯ ಇನಿಷಿಯಲ್ ಪದ್ಧತಿ ಇಲ್ಲಿ ತಲೆನೋವು: ಕಾರ್ಡಿನಲ್ಲಿ ‘ಎಚ್ ಎಸ್ ರಮೇಶ’, ಟಿಕೆಟ್‌ನಲ್ಲಿ ‘ರಮೇಶ ಹೊಳೆನರಸೀಪುರ ಶ್ರೀನಿವಾಸ’ ಅಂತಿದ್ದರೆ ಆಧಾರ್ ತೋರಿಸಿದರೆ ಸಾಮಾನ್ಯವಾಗಿ ಬಗೆಹರಿಯುತ್ತದೆ. ಗಂಡನ ಕಾರ್ಡ್ ಹೆಂಡತಿ, ಅಪ್ಪನ ಕಾರ್ಡ್ ಮಗ ತಂದರೆ ಮಾತ್ರ ಯಾವ ಆಧಾರ್ ಕೂಡ ಬಗೆಹರಿಸುವುದಿಲ್ಲ.

ಕಾರ್ಡಿನ ಫೋಟೊ ನಡೆಯುವುದಿಲ್ಲ. ಯುಪಿಐಗಾಗಿ ಕೊಟ್ಟ, ಪ್ಲಾಸ್ಟಿಕ್ ಇಲ್ಲದ ವರ್ಚುವಲ್ ರುಪೇ ಕಾರ್ಡೂ ಮಷಿನ್‌ಗೆ ತುರುಕಲು ಬಾರದು. ಆ್ಯಪ್‌ನಲ್ಲಿ ವೋಚರ್ ಅಥವಾ ಕ್ಯೂಆರ್ ಕೊಡುವ ಕಾರ್ಡಾದರೆ ಅದನ್ನು ಮನೆಯಲ್ಲಿಯೇ ತೆರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆದರೆ ಅವಧಿ ಮುಗಿಯುವ ಕೋಡೋ ನೋಡಿ. ಕೆಲವು ಕೋಡುಗಳು ತೆರೆದ ಕೆಲವೇ ನಿಮಿಷಕ್ಕೆ ಸಾಯುತ್ತವೆ, ಅಂಥವನ್ನು ಕ್ಯೂನಲ್ಲಿ ನಿಮ್ಮ ಸರದಿ ಬಂದಾಗಲೇ ತೆರೆಯಬೇಕು.

ಮಷಿನ್ ಕಾರ್ಡಿನ ಅಂದವಾದ ಹೆಸರನ್ನು ಓದುವುದಿಲ್ಲ, ಸಂಖ್ಯೆಯ ಮೊದಲ ಆರೋ ಎಂಟೋ ಅಂಕಿಗಳನ್ನು ಓದುತ್ತದೆ. ಯಾವ ಬ್ಯಾಂಕ್, ಯಾವ ಜಾಲ, ಯಾವ ದರ್ಜೆ ಎಲ್ಲ ಆ ಅಂಕಿಗಳಲ್ಲೇ ಇದೆ. ಒಂದೇ ಹೆಸರಿನ ಕಾರ್ಡ್ ವೀಸಾದಲ್ಲೂ ರುಪೇಯಲ್ಲೂ ಬರಬಹುದು. ಸಹೋದ್ಯೋಗಿಯ ಕಾರ್ಡ್ ಪಾಸಾಗಿ ನಿಮ್ಮದು ಬೀಳಲು ಇದೇ ಕಾರಣ. ಹೊರಗಿನ ಬಣ್ಣ ಒಂದೇ, ಒಳಗಿನ ಪಟ್ಟಿ ಬೇರೆ.

ಡಿಕ್ಲೈನ್ ಅಂತ ಬಂದರೆ ಗಾಬರಿಯಾಗದೆ ಚೀಟಿ ಕೇಳಿ. ಕೋಟಾ ಮುಗಿದಿರಬಹುದು. ಖರ್ಚಿನ ಗುರಿ ಮುಟ್ಟಿಲ್ಲದಿರಬಹುದು. ಈ ಎರಡಕ್ಕೂ ಅಲ್ಲಿ ನಿಂತು ವಾದಿಸಿ ಫಲವಿಲ್ಲ. ಮೂರನೆಯದಕ್ಕೆ ಮದ್ದಿದೆ: ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಕಾರ್ಡಿನ ಒಂದೊಂದು ಬಳಕೆಯನ್ನೂ ಆ್ಯಪ್‌ನಲ್ಲಿ ಆನ್, ಆಫ್ ಮಾಡಬಹುದು. ಬರೀ ಆನ್‌ಲೈನ್ ಖರೀದಿಗೆ ಇಟ್ಟುಕೊಂಡ ಕಾರ್ಡಿನಲ್ಲಿ ಅಂಗಡಿ ಮಷಿನ್ ಬಳಕೆ ಆಫ್ ಆಗಿರುತ್ತದೆ. 2 ರೂಪಾಯಿ ವಹಿವಾಟೂ ಅಲ್ಲಿಗೆ ನಿಲ್ಲುತ್ತದೆ. ಆ್ಯಪ್ ತೆರೆದು ಆನ್ ಮಾಡಿ ಮತ್ತೆ ಉಜ್ಜಿದರೆ ಆಯಿತು. ಪಿನ್ ಮರೆತವರ ಪಾಡೂ ಇದೇ; ವರ್ಷವಿಡೀ ತಾಗಿಸಿಯೇ ಹಣ ಕೊಡುವವರಿಗೆ ಪಿನ್ ನೆನಪಿರುವುದಾದರೂ ಹೇಗೆ? 5,000 ರೂಪಾಯಿವರೆಗೆ ಅದು ಬೇಕಾಗಿಯೇ ಇಲ್ಲ. ಲಾಂಜ್‌ನ ಮಷಿನ್ ಮಾತ್ರ ಹಲವೆಡೆ ಕಾರ್ಡನ್ನು ಒಳಗೆ ತುರುಕಿ ಪಿನ್ ಕೇಳುತ್ತದೆ.

ಒಂದು ಕಾರ್ಡ್ ಬಿದ್ದರೆ ಇನ್ನೊಂದನ್ನು ಕೊಡುವ ಮುನ್ನ ‘ಮೊದಲನೆಯದರ ಭೇಟಿ ಕಳೆದಿಲ್ಲ ತಾನೇ’ ಅಂತ ಖಚಿತ ಮಾಡಿಕೊಳ್ಳಿ. ಜಾಲ ನಿಧಾನವಿದ್ದಾಗ ಮಷಿನ್ ಡಿಕ್ಲೈನ್ ತೋರಿಸಿ, ಫೋನ್‌ಗೆ 2 ರೂಪಾಯಿ ಕಡಿತದ ಎಸ್‌ಎಂಎಸ್ ಬರುವುದುಂಟು. ಆ ಎಸ್‌ಎಂಎಸ್ ತೋರಿಸಿದರೆ ಒಳಗೆ ಬಿಡುವವರೂ ಇದ್ದಾರೆ, ಬಿಡದವರೂ ಇದ್ದಾರೆ.

ಅಪ್ಪನನ್ನೂ ಕರೆದುಕೊಂಡು ಹೋದರೆ

ಬಿಟ್ಟಿ ಸಿಕ್ಕರೆ ನಂಗೊಂದು, ನಮ್ಮಪ್ಪಂಗೊಂದು ಅನ್ನುವ ಮಾತು ಲಾಂಜ್‌ನಲ್ಲಿ ದುಬಾರಿ. ಹೆಚ್ಚಿನ ಕಾರ್ಡುಗಳಲ್ಲಿ ಒಂದು ಸ್ವೈಪ್ ಅಂದರೆ ಒಂದು ತಲೆ. ತ್ರೈಮಾಸಿಕಕ್ಕೆ ಎರಡು ಭೇಟಿ ಇದೆ ಅಂತ ಒಂದೇ ಸಲ ಇಬ್ಬರನ್ನು ಒಳಗೆ ಕರೆದೊಯ್ಯಲು ಎಲ್ಲ ಕಡೆ ಬಿಡುವುದಿಲ್ಲ. ಬಿಟ್ಟರೂ ವಾಪಸ್ ಪ್ರಯಾಣಕ್ಕೆ ಏನೂ ಉಳಿಯುವುದಿಲ್ಲ. ಮನೆಮಂದಿಯೆಲ್ಲ ಹೊರಡುವವರಿಗೆ ಸರಿಯಾದ ದಾರಿ ಆ್ಯಡ್‌ಆನ್ ಕಾರ್ಡ್, ಅಂದರೆ ನಿಮ್ಮ ಕಾರ್ಡಿನ ಮೇಲೆಯೇ ಮನೆಯವರ ಹೆಸರಿಗೆ ಪಡೆಯುವ ಇನ್ನೊಂದು ಕಾರ್ಡ್. ಅದರಲ್ಲೂ ಆ್ಯಡ್‌ಆನ್‌ಗೆ ಪ್ರತ್ಯೇಕ ಕೋಟಾ ಇದೆಯೋ, ಮೂಲ ಕಾರ್ಡಿನದನ್ನೇ ಹಂಚಿಕೊಳ್ಳುವುದೋ ಅಂತ ಕೇಳಬೇಕು, ಇವೆರಡರ ನಡುವೆ ಅಜಗಜಾಂತರ. ಎರಡು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ಹಣವಿಲ್ಲ. ಅದಕ್ಕಿಂತ ದೊಡ್ಡವರಿಗೆ ಪೂರ್ತಿಯೋ ಅರ್ಧವೋ ಆಯಾ ಲಾಂಜ್ ಹೇಳಿದಂತೆ.

ನಾಲ್ವರ ಕುಟುಂಬದಲ್ಲಿ ಇಬ್ಬರಿಗೆ ಕಾರ್ಡ್, ಇಬ್ಬರಿಗೆ ಇಲ್ಲ ಅನ್ನುವ ಸ್ಥಿತಿಯಲ್ಲಿ ಉಳಿದಿಬ್ಬರಿಗೆ ದುಡ್ಡು ಕೊಟ್ಟು ಒಳಗೆ ಹೋಗುವುದಕ್ಕಿಂತ, ನಾಲ್ವರೂ ಹೊರಗೆ ದೋಸೆ ತಿನ್ನುವುದು ಅಗ್ಗ. ಇದು ಲೆಕ್ಕ ಹಾಕಿ ನೋಡಿದರೆ ಗೊತ್ತಾಗುವ ವಿಷಯ, ಆದರೂ ಬಾಗಿಲಿನ ತನಕ ಬಂದ ಮೇಲೆ ಮರ್ಯಾದೆ ಅಡ್ಡ ಬರುತ್ತದೆ.

ವಿದೇಶದ ದಾರಿ: ಪ್ರಯಾರಿಟಿ ಪಾಸ್

ಪ್ರಯಾರಿಟಿ ಪಾಸ್ ಅಂದರೆ ದೇಶ ವಿದೇಶದ ಲಾಂಜ್‌ಗಳಿಗೆ ಪ್ರವೇಶ ಕೊಡುವ, 1992ರಲ್ಲಿ ಶುರುವಾದ, ಬ್ರಿಟನ್ನಿನ ಕಾಲಿನ್‌ಸನ್ ಗುಂಪಿನ ಸದಸ್ಯತ್ವ. ಬ್ಯಾಂಕ್ ಕೊಡುವುದು ಆ ಸದಸ್ಯತ್ವವನ್ನು. ಬಿಟ್ಟಿ ಭೇಟಿ ಎಷ್ಟು ಅನ್ನುವುದು ನಿಮ್ಮ ಕ್ರೆಡಿಟ್ ಕಾರ್ಡಿನ ದರ್ಜೆಯ ಮೇಲೆ. ಸದಸ್ಯತ್ವ ಕಾರ್ಡ್ ಪಾವತಿಯ ಕಾರ್ಡಲ್ಲ, ಹಾಗಾಗಿ ಕೌಂಟರಿನಲ್ಲಿ ಅದು ಬೀಳುವುದೇ ಅಪರೂಪ. ಅಪಾಯ ಇರುವುದೂ ಅದರಲ್ಲೇ. ಕೋಟಾ ಮುಗಿದಿದ್ದರೂ ನಗುತ್ತಲೇ ಒಳಗೆ ಬಿಡುತ್ತಾರೆ, ಬಿಲ್ಲು ಮಾತ್ರ ಕೆಲವು ವಾರಗಳ ನಂತರ ಡಾಲರ್‌ನಲ್ಲಿ ಬರುತ್ತದೆ.

ಕೋಟಾ ಮೀರಿದ ಭೇಟಿಗೆ ಭಾರತದ ಬ್ಯಾಂಕುಗಳು ಬಹುಕಾಲ ಹಿಡಿದದ್ದು 27 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಕಡಿಮೆಯೇ ಹಿಡಿದರೂ 2,295 ರೂಪಾಯಿ. 18 ಶೇಕಡಾ ಜಿಎಸ್‌ಟಿ ಸೇರಿ 2,708. ಗಂಡ ಹೆಂಡತಿ ಇಬ್ಬರು, ಹೋಗುವಾಗ ಒಂದು, ಬರುವಾಗ ಒಂದು ಅಂದರೆ ಹತ್ತು ಸಾವಿರ ದಾಟಿತು. ಇನ್ನೊಂದು ಬಲೆ: ಪ್ರಯಾರಿಟಿ ಪಾಸನ್ನು ಭಾರತದೊಳಗೆ ತೋರಿಸಿದರೆ ಹಲವು ಬ್ಯಾಂಕುಗಳು ಅದನ್ನು ಬಿಟ್ಟಿ ಭೇಟಿ ಅಂತ ಎಣಿಸದೆ ಪೂರ್ತಿ ಹಣ ಹಾಕುತ್ತವೆ. ದೇಶದೊಳಗೆ ಕ್ರೆಡಿಟ್ ಕಾರ್ಡನ್ನೇ ಕೊಡಿ, ಪಾಸನ್ನು ಪಾಸ್‌ಪೋರ್ಟ್ ಜೊತೆ ಎತ್ತಿಡಿ.

ಸಹಿ ಹಾಕುವ ಚೀಟಿಯಲ್ಲಿ ಅತಿಥಿಗಳ ಸಂಖ್ಯೆಗೆ ಒಂದು ಜಾಗ ಇರುತ್ತದೆ. ಒಬ್ಬರೇ ಇದ್ದರೆ ಅಲ್ಲಿ ಸೊನ್ನೆ ಇದೆಯೇ ನೋಡಿ ಸಹಿ ಹಾಕಿ, ಚೀಟಿಯ ಫೋಟೊ ತೆಗೆದುಕೊಳ್ಳಿ. ಕ್ರೆಡಿಟ್ ಕಾರ್ಡ್ ನವೀಕರಣವಾದರೆ ಪ್ರಯಾರಿಟಿ ಪಾಸ್ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ; ಅದರ ಅವಧಿಯೇ ಬೇರೆ, ಅರ್ಜಿಯೇ ಬೇರೆ. ಎಚ್‌ಡಿಎಫ್‌ಸಿ ಕಾರ್ಡುಗಳಲ್ಲಿ ಕನಿಷ್ಠ 4 ವಹಿವಾಟು ಮಾಡಿದ ಮೇಲಷ್ಟೇ ಅರ್ಜಿ ಹಾಕಬಹುದು. ವಿಮಾನಕ್ಕೆ ವಾರವಿರುವಾಗ ಕೇಳಿದರೆ ಅಂಚೆಯಲ್ಲಿ ಬರುವಷ್ಟರಲ್ಲಿ ನೀವು ವಾಪಸ್ ಬಂದಿರುತ್ತೀರಿ.

ಕರಾವಳಿಯಿಂದ ದುಬೈ, ಅಬುಧಾಬಿಗೆ ಓಡಾಡುವವರ ಕೈಯಲ್ಲಿ ಅಲ್ಲಿಯ ಬ್ಯಾಂಕಿನ ಕಾರ್ಡ್ ಇರುತ್ತದೆ. ಅವುಗಳ ಪದ್ಧತಿ ಬೇರೆ. ಅಲ್ಲಿಯ ವೀಸಾ ಕಾರ್ಡುಗಳಿಗೆ ವೀಸಾ ಏರ್‌ಪೋರ್ಟ್ ಕಂಪ್ಯಾನಿಯನ್ ಆ್ಯಪ್‌ನಲ್ಲಿ ಕಾರ್ಡ್ ನೋಂದಾಯಿಸಿ ಕ್ಯೂಆರ್ ಪಡೆಯುವ ಕ್ರಮವಿದೆ, ಮಾಸ್ಟರ್‌ಕಾರ್ಡಿಗೂ ಅಂಥದೇ ಆ್ಯಪ್. ನೋಂದಣಿಗೆ ಒಟಿಪಿ ಬರುವುದು ಅಲ್ಲಿಯ ಸಿಮ್‌ಗೆ. ರಜೆಗೆ ಊರಿಗೆ ಬಂದಾಗ ಆ ಸಿಮ್ ತೆಗೆದಿಟ್ಟವರು ಮಂಗಳೂರಿನ ಲಾಂಜ್ ಬಾಗಿಲಲ್ಲಿ ನೋಂದಣಿ ಮಾಡಹೋದರೆ ಆಗದ ಮಾತು. ಅಲ್ಲಿಂದ ಹೊರಡುವ ಮೊದಲೇ ಮುಗಿಸಿ.

ಸಮಯ

ಹೆಚ್ಚಿನ ಕಡೆ ವಿಮಾನಕ್ಕೆ ಮೂರು ಗಂಟೆ ಮೊದಲಿನಿಂದ ಪ್ರವೇಶ; ದೇಶೀಯದಲ್ಲಿ ಎರಡು ಗಂಟೆ ಕೂರಬಹುದು. ಬೆಳಗ್ಗೆ ಐದರಿಂದ ಎಂಟು, ಸಂಜೆ ಐದರಿಂದ ಒಂಬತ್ತು ಜನ ಕಿಕ್ಕಿರಿಯುವ ಹೊತ್ತು. ಗೇಟ್ ಸಾಮಾನ್ಯವಾಗಿ ವಿಮಾನಕ್ಕೆ 20ರಿಂದ 25 ನಿಮಿಷ ಮೊದಲು ಮುಚ್ಚುತ್ತದೆ. ಲಾಂಜ್‌ನಿಂದ ಗೇಟ್‌ಗೆ ನಡೆಯಲು ಹದಿನೈದು ನಿಮಿಷ ಹಿಡಿಯಿರಿ, ಬಸ್ ಗೇಟ್ ಆದರೆ ಇನ್ನಷ್ಟು. ಅಂದರೆ ವಿಮಾನಕ್ಕೆ ಒಂದು ಗಂಟೆ ಇರುವಾಗ ನಿಮ್ಮ ಕೈಲಿರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ಲಾಂಜ್ ಮುಂದೆ ಹದಿನೈದು ಜನರ ಸಾಲಿದ್ದರೆ ತಿರುಗಿ ನಡೆಯಿರಿ. ತಟ್ಟೆ ಹಿಡಿದು ನಿಂತೇ ಉಪ್ಪಿಟ್ಟು ನುಂಗಲು ಒಂದು ಭೇಟಿ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಸರಿಯಿಲ್ಲ.

ಬೆಂಗಳೂರೂ ಸೇರಿ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್‌ಗೆ ಕೂಗಿ ಕರೆಯುವುದಿಲ್ಲ. ಒಳಗಿನ ಪರದೆ ನೋಡುತ್ತಿರಬೇಕು, ಗೇಟ್ ಬದಲಾದದ್ದೂ ಅಲ್ಲೇ ಕಾಣುವುದು. ಮೆತ್ತನೆ ಕುರ್ಚಿಯಲ್ಲಿ ಕಣ್ಣು ಮುಚ್ಚುವವರು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋದರೆ ಇನ್ನೊಂದು ಭೇಟಿ ಅಂತ ಎಣಿಸುತ್ತಾರೆ. ವಿಮಾನ ತಡವಾದರೆ, ಹೊರಗೆ ಬರುವ ಮೊದಲು ಹೊಸ ಸಮಯ ತೋರಿಸಿ ಇನ್ನಷ್ಟು ಹೊತ್ತು ಕೂರಬಹುದೇ ಅಂತ ಕೇಳಿ. ಜನ ಕಡಿಮೆಯಿದ್ದರೆ ಬಹಳ ಸಲ ಹೂಂ ಅನ್ನುತ್ತಾರೆ. ಊಟ, ಕಾಫಿ, ವೈಫೈ ಎಲ್ಲ ಕಡೆ ಇದ್ದದ್ದೇ. ಮದ್ಯಕ್ಕೆ, ಸ್ನಾನಕ್ಕೆ ಹಲವೆಡೆ ಬೇರೆ ದುಡ್ಡು.

ಎಸ್‌ಎಂಎಸ್ ಓದುವ ಆ್ಯಪ್

ಲಾಂಜ್ ಬಾಗಿಲಲ್ಲಿ ಕಾರ್ಡ್ ಇಲ್ಲದವರನ್ನು ಹಿಡಿಯುವ ಮೋಸವೂ ಬಂದಾಗಿದೆ. 2024ರ ಜುಲೈ, ಆಗಸ್ಟ್‌ನಲ್ಲಿ ‘ಲಾಂಜ್ ಪಾಸ್’ ಹೆಸರಿನ ನಕಲಿ ಆ್ಯಪ್ ಹರಡಿದ್ದನ್ನು ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ ಪತ್ತೆ ಹಚ್ಚಿತು. ಸುಮಾರು 450 ಜನ ಹಾಕಿಕೊಂಡಿದ್ದರು, 9 ಲಕ್ಷಕ್ಕೂ ಮೇಲೆ ಹೋಗಿತ್ತು ಅನ್ನುವುದು ಅವರ ಅಂದಾಜು. ಬೆಂಗಳೂರು ನಿಲ್ದಾಣದಲ್ಲಿ ಒಬ್ಬ ಮಹಿಳೆ 87,000 ರೂಪಾಯಿ ಕಳೆದುಕೊಂಡದ್ದು ಆಗ ದೊಡ್ಡ ಸುದ್ದಿಯಾಯಿತು. ಆ್ಯಪ್ ಮಾಡುತ್ತಿದ್ದದ್ದು ಸರಳ ಕೆಲಸ: ಫೋನಿಗೆ ಬಂದ ಎಸ್‌ಎಂಎಸ್‌ಗಳನ್ನು ಕಳ್ಳರಿಗೆ ಕಳಿಸುವುದು. ಒಟಿಪಿ ಅವರ ಕೈಸೇರಿದ ಮೇಲೆ ಉಳಿದದ್ದಕ್ಕೆ ತಡವಿಲ್ಲ.

ವಾಟ್ಸ್ಆ್ಯಪ್‌ನಲ್ಲೋ ಹುಡುಕಾಟದಲ್ಲೋ ಸಿಕ್ಕ ಕೊಂಡಿಯಿಂದ ಲಾಂಜ್ ಆ್ಯಪ್ ಇಳಿಸಬೇಡಿ. ಲಾಂಜ್ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಯಾಕೆ ಬೇಕು? ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸಿಕ್ಕಿಬಿದ್ದರೆ ಮೊದಲು ಕಾರ್ಡ್ ಬ್ಲಾಕ್, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಅಂತ ಫೋನಿನ ಕಾಲ್ ಫಾರ್ವರ್ಡಿಂಗ್ ಕೂಡ ನೋಡಿ.

ಇದಕ್ಕಾಗಿ ಕಾರ್ಡ್ ಬೇಕೆ?

ವರ್ಷಕ್ಕೆ ಎರಡು ಸಲ ಹಾರುವವರು ಲಾಂಜ್‌ಗೋಸ್ಕರ ಶುಲ್ಕದ ಕಾರ್ಡ್ ಮಾಡಿಸುವುದು ನನ್ನ ಮಟ್ಟಿಗೆ ದಡ್ಡತನ. 2,500 ವಾರ್ಷಿಕ ಶುಲ್ಕ ಅಂದರೆ ಜಿಎಸ್‌ಟಿ ಸೇರಿ 2,950. ಎರಡು ಭೇಟಿಗೆ ಹಂಚಿದರೆ ಒಂದಕ್ಕೆ 1,475. ಟರ್ಮಿನಲ್‌ನ ತಿಂಡಿ ಎಷ್ಟೇ ದುಬಾರಿ ಅಂದರೂ ಒಬ್ಬರಿಗೆ ಅಷ್ಟಾಗುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಹಾರುವವರಿಗೆ ಲೆಕ್ಕ ತಿರುಗುತ್ತದೆ, ಅಂಥವರು ಖರ್ಚಿನ ಷರತ್ತಿಲ್ಲದ ಕಾರ್ಡನ್ನೇ ಹುಡುಕಿ. ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್‌ನಂಥವು (ಮೇಲೆ ಹೇಳಿದ ರೆಗಾಲಿಯಾ ಬೇರೆ) ಬಹುಕಾಲ ವರ್ಷಕ್ಕೆ 12 ದೇಶೀಯ ಭೇಟಿ ಕೊಟ್ಟದ್ದುಂಟು. ಷರತ್ತಿನ ಕಾರ್ಡಾದರೆ, ಐಸಿಐಸಿಐ ಹೇಳಿದಂತೆ ತ್ರೈಮಾಸಿಕಕ್ಕೆ 75,000 ಅಂದರೆ ವರ್ಷಕ್ಕೆ 3 ಲಕ್ಷ. ಅಷ್ಟು ಖರ್ಚು ಹೇಗೂ ಇರುವವರಿಗೆ ಸರಿ. ಗುರಿ ಮುಟ್ಟಲು ಬೇಡದ ಸಾಮಾನು ಕೊಂಡರೆ ಜಗತ್ತಿನ ಅತಿ ದುಬಾರಿ ಫಿಲ್ಟರ್ ಕಾಫಿ ಕುಡಿದಂತೆ. ಬರೀ ಚಹಾ, ಸಮೋಸ ಸಾಕು ಅನ್ನುವವರಿಗೆ ಕೋಲ್ಕತ್ತ, ಚೆನ್ನೈ ನಿಲ್ದಾಣಗಳಲ್ಲಿ ಉಡಾನ್ ಯಾತ್ರಿ ಕೆಫೆ ಇದೆ: ಚಹಾ 10, ಕಾಫಿ 20, ಸಮೋಸ 20 ಅಂತ 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಶುರುವಾದದ್ದು.

ತಪ್ಪು ಬಿಲ್ಲು ಬಂದರೆ ಲಾಂಜ್‌ಗಲ್ಲ, ಬ್ಯಾಂಕಿಗೆ ಬರೆಯಿರಿ. ಚೀಟಿಯ ಫೋಟೊ, 2 ರೂಪಾಯಿಯ ಎಸ್‌ಎಂಎಸ್, ಬೋರ್ಡಿಂಗ್ ಪಾಸ್, ಆ ತಿಂಗಳ ಷರತ್ತಿನ ಪುಟದ ಸ್ಕ್ರೀನ್‌ಶಾಟ್ ಜೊತೆಗಿಡಿ. ಷರತ್ತು ಆಮೇಲೆ ಬದಲಾಗಿರುತ್ತದೆ, ಹಳೆಯದು ಜಾಲತಾಣದಲ್ಲಿ ಸಿಗುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ಬ್ಯಾಂಕಿಗೆ ಕೊಟ್ಟ ದೂರಿನ ಸಂಖ್ಯೆ ಅಲ್ಲಿ ಕೇಳುತ್ತಾರೆ, ಬರೆದಿಟ್ಟುಕೊಂಡಿರಿ.